ನಡತೆಯ ವಿಚಾರಣೆ

"ಮುಂದಿನವರು ಯಾರಮ್ಮ? ಸಾಹೇಬರು ಕರೀತಿದ್ದಾರೆ, ಬನ್ನಿ."

ಅಜ್ಜಂಪುರದ ಪೊಲೀಸ್ ಠಾಣೆಯ ಹೊಸಿಲು ದಾಟಿ ತಲೆಯೆತ್ತಿದ ಮಲ್ಲಿಕಾಂಬ ನಿಂತಲ್ಲೇ ನಿಂತುಬಿಟ್ಟಳು.

ಮೇಜಿನ ಹಿಂದೆ ಕುಳಿತವನ ಹೆಗಲ ಮೇಲೆ ರಾಜಲಾಂಛನ, ಅದರೊಡನೆ ಮೂರು ನಕ್ಷತ್ರಗಳು. ಠಾಣೆಯ ತಪಾಸಣೆಗೆ ಡಿ.ಐ.ಜಿ. ಬರುತ್ತಾರೆ, ಜನರ ಅಹವಾಲನ್ನೂ ಕೇಳುತ್ತಾರೆ ಎಂದಷ್ಟೇ ಅವಳಿಗೆ ತಿಳಿದಿತ್ತು. ಆ ಡಿ.ಐ.ಜಿ. ಕಡೂರಿನ ಪಂಚಾಕ್ಷರಪ್ಪ ಎಂದು ಯಾರೂ ಹೇಳಿರಲಿಲ್ಲ!

ಹದಿನಾಲ್ಕು ವರ್ಷಗಳ ಹಿಂದೆ, ಎಪ್ಪತ್ತೆರಡನೇ ಇಸವಿಯಲ್ಲಿ, ಅವಳ ಕೈ ಹಿಡಿಯಬೇಕಾಗಿದ್ದ ಪಂಚಾಕ್ಷರಪ್ಪ...

ಅವನ ಲೇಖನಿ ಒಂದು ಗಳಿಗೆ ನಿಂತಿತು. ಆದರೆ ದನಿ ಅಲುಗಲಿಲ್ಲ.

"ಕೂತ್ಕೊಳ್ಳಿ. ಏನು ಅಹವಾಲು?"

'ಗುರುತು ಹತ್ತಲಿಲ್ಲವೇ? ಇಲ್ಲ, ಹತ್ತಿಯೂ ಬೇಡವಾಯಿತೇ?'

ಹಿಂತಿರುಗಿ ಹೋಗಿಬಿಡೋಣ ಎನಿಸಿತು ಅವಳಿಗೆ. ಆದರೂ ಹೊರಗಿನ ಬೇವಿನ ಮರದಡಿ ಅವಳ ಹಳೆಯ ವಿದ್ಯಾರ್ಥಿನಿ ಕಾದು ನಿಂತಿದ್ದಳು. ಬಂದದ್ದು ಅವಳಿಗಾಗಿ, ತನಗಾಗಿ ಅಲ್ಲ.

"ನಾನು ಇಲ್ಲಿನ ಶಾಲೆಯ ಮುಖ್ಯೋಪಾಧ್ಯಾಯಿನಿ, ಸರ್. ಪುಟ್ಟಯ್ಯನವರ ಮಗಳು ಈಶ್ವರಮ್ಮ ನನ್ನ ಕೈಲೇ ಓದಿದ ಹುಡುಗಿ. ಮಹಿಳಾ ಕಾನ್ಸ್‌ಟೇಬಲ್ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ನಡತೆ ವಿಚಾರಿಸೋಕೆ ಪೊಲೀಸರು ಹೋದಾಗ ಊರಿನಲ್ಲಿ ಯಾರೂ ಅವಳ ಪರವಾಗಿ ಒಂದು ಮಾತಾಡಲಿಲ್ಲವಂತೆ. ಬಂದ ಕೆಲಸ ಕೈತಪ್ಪೋ ಹಾಗಿದೆ."

ಪಕ್ಕದಲ್ಲಿ ನಿಂತಿದ್ದ ಸಬ್ ಇನ್ಸ್‌ಪೆಕ್ಟರ್ ಈರಭದ್ರಪ್ಪ ಬಾಯಿ ಹಾಕಿದ. "ನಾವೇನ್ ಮಾಡೋಣ ಸರ್? ಅಕ್ಕಪಕ್ಕದ ಮನೆಯೋರೇ ಆ ಹುಡುಗಿ ಯಾರೋ ಗೊತ್ತಿಲ್ಲ ಅಂದ್ಬಿಟ್ರು. ಒಬ್ಬ ಅಂತೂ ತನ್ನ ಹೆಸರೂ ಗೊತ್ತಿಲ್ಲ ಅಂದ!"

"ಭಯ ಸರ್, ಭಯ!" ಮಲ್ಲಿಕಾಂಬಳ ದನಿ ಏರಿತು. "ಪೊಲೀಸರು ಒಬ್ಬರ ಹೆಸರು ಹಿಡಿದು ಕೇಳಿದರೆ, ಆ ಮನುಷ್ಯ ಏನೋ ತಪ್ಪು ಮಾಡಿದ್ದಾನೆ ಅಂತಲೇ ನಮ್ಮ ಜನ ತಿಳಿಯೋದು. ಕೆಲಸ ಕೊಡೋದಕ್ಕೂ ವಿಚಾರಿಸ್ತಾರೆ ಅನ್ನೋದು ಯಾರಿಗೆ ಗೊತ್ತು? ನಮ್ಮ ಮನೇಲೂ..."

ಮಾತನ್ನು ಅಲ್ಲಿಗೇ ನಿಲ್ಲಿಸಿ ಅವಳು ಈರಭದ್ರಪ್ಪನ ಕಡೆ ನೋಡಿದಳು.

ಪಂಚಾಕ್ಷರಪ್ಪ ಅವಳ ಮುಖವನ್ನೇ ದಿಟ್ಟಿಸಿದ.

"ಈರಭದ್ರಪ್ಪ, ಆ ಹುಡುಗಿಯ ವಿಚಾರಣೆ ಮತ್ತೆ ನಡೀಲಿ. ಯಾತಕ್ಕೆ ಕೇಳ್ತಿದ್ದೀವಿ ಅಂತ ಮೊದಲು ಜನಕ್ಕೆ ತಿಳಿಸಿ. ಈಗ ಸ್ವಲ್ಪ ಹೊರಗಿರಿ."

ಬಾಗಿಲು ಮುಚ್ಚಿಕೊಂಡಿತು.

"ಹೇಳಿ ಮಲ್ಲಿಕಾಂಬ. ನಿಮ್ಮ ಮನೇಲೂ... ಏನಾಯ್ತು?"

ಅವನ ಬಾಯಲ್ಲಿ ತನ್ನ ಹೆಸರು ಕೇಳಿ ಅವಳ ಕಣ್ಣು ತುಂಬಿತು.

"ನಮ್ಮ ನಿಶ್ಚಿತಾರ್ಥ ಆದ ಮೇಲೆ ಮಫ್ತಿಯಲ್ಲಿದ್ದ ಪೊಲೀಸರೊಬ್ಬರು ಅಪ್ಪನ ಮಂಡಿ ಅಂಗಡಿಗೆ ಬಂದರು. ನಿಮ್ಮ ನಡತೆ ಹೇಗೆ, ಸಹವಾಸ ಯಾರದು, ಗಲಾಟೆ ಏನಾದರೂ ಉಂಟಾ ಅಂತ ಕೇಳಿದರು. ನೀವು ಐ.ಪಿ.ಎಸ್. ಪಾಸಾದದ್ದು ನಮಗೆ ತಿಳಿದೇ ಇರಲಿಲ್ಲ. ನಿಮ್ಮ ಮೇಲೆ ಕೇಸಿದೆ ಅಂತ ಅಪ್ಪ ನಡುಗಿಹೋದರು. ನಿಶ್ಚಿತಾರ್ಥದ ಸೀರೆ ಹಿಂದಕ್ಕೆ ಕಳಿಸಿಬಿಟ್ಟರು."

"ಕೇಸು... ನನ್ನ ಮೇಲೆ?"

ಅವನು ಟೋಪಿಯನ್ನು ಕೈಗೆತ್ತಿಕೊಂಡು, ಏನು ಮಾಡಬೇಕೆಂದು ತೋಚದೆ ಮತ್ತೆ ಮೇಜಿನ ಮೇಲೆಯೇ ಇಟ್ಟ.

"ಆರ್ಡರ್ ಕೈಗೆ ಬಂದ ಮೇಲೆ ಹೇಳೋಣ ಅಂತ ಸುಮ್ಮನಿದ್ದೆ. ಸೀರೆ ಹಿಂದಕ್ಕೆ ಬಂದಾಗ, ಹೇಗೋ ವಿಷಯ ತಿಳಿದು ಪೊಲೀಸ್ ಕೆಲಸದವನು ನಿಮಗೆ ಬೇಡವಾದ ಅಂದುಕೊಂಡೆ. ಮತ್ತೆ ಬಂದು ಕೇಳೋದಕ್ಕೆ ಅಭಿಮಾನ ಬಿಡಲಿಲ್ಲ."

"ಪೇಪರಿನಲ್ಲಿ ನಿಮ್ಮ ಹೆಸರು ಕಂಡಾಗ ನಮಗೆ ನಿಜ ತಿಳೀತು. ಆಗ ನಾವೇ ಬಂದಿದ್ದರೆ ದೊಡ್ಡ ಹುದ್ದೆ ನೋಡಿ ಬಂದರು ಅಂತಿರಲಿಲ್ಲವೇ?"

ಹದಿನಾಲ್ಕು ವರ್ಷಗಳು ಆ ಮೇಜಿನ ಅಗಲಕ್ಕೆ ಕುಗ್ಗಿದಂತಿತ್ತು.

"ಮಕ್ಕಳು...?" ಅವನು ಮೆಲ್ಲಗೆ ಕೇಳಿದ.

"ಶಾಲೆ ತುಂಬ ಇದ್ದಾರೆ. ನಿಮಗೆ?"

"ನನ್ನ ಬಂಗಲೆಯಲ್ಲಿ ನಾನು, ಒಬ್ಬ ಆರ್ಡರ್ಲಿ. ಅವನ ಅಡುಗೆಗೆ ಉಪ್ಪಿರೋದಿಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಅಷ್ಟರಲ್ಲಿ ಬಾಗಿಲು ಬಡಿದರು... ಜನ ಕಾಯುತ್ತಿದ್ದರು. ಕೈಮುಗಿದು ಹೊರಬಂದ ಮಲ್ಲಿಕಾಂಬ, 'ನಿಜವನ್ನಾದರೂ ಹೇಳಿದೆನಲ್ಲ, ಇಷ್ಟೇ ನನ್ನ ಪಾಲಿನದು' ಎಂದು ಮನಸ್ಸನ್ನು ಸಂತೈಸಿಕೊಂಡಳು.

ಸಂಜೆ ಇಳಿಹೊತ್ತಿಗೆ ಬಿಳಿ ಷರಟು ತೊಟ್ಟ ಪಂಚಾಕ್ಷರಪ್ಪ ಒಬ್ಬನೇ ನಡೆದು ಅವಳ ಬೀದಿಗೆ ಬಂದ. ಅವನನ್ನು ಠಾಣೆಯಲ್ಲಿ ಕಂಡಿದ್ದ ಎದುರುಮನೆಯ ಉಚ್ಚಂಗಮ್ಮನ ಪಿಸುಮಾತು ಬೀದಿಗೆಲ್ಲ ಕೇಳುವಂತಿತ್ತು.

"ತೀರ್ಥಪ್ಪನ ಮನೆಗೆ ಪೊಲೀಸ್ನೋರು ಬಂದವ್ರೆ ಕಣೇ! ಏನ್ ಮಾಡ್ದನೋ ಮುದುಕ!"

ಜಗುಲಿಯ ಮೇಲಿದ್ದ ಅವಳ ತಂದೆ ತೀರ್ಥಪ್ಪನವರು ಬಂದವನನ್ನು ಗುರುತಿಸಿ ಎದ್ದು ಕೈಮುಗಿಯಹೋದರು. ಅವನು ಆ ಕೈಗಳನ್ನು ಹಿಡಿದುಕೊಂಡ.

"ನೀವು ಮುಗೀಬಾರದು, ಯಜಮಾನ್ರೆ."

"ಅವತ್ತು ಹೆದರಿ ಕೆಟ್ಟ ಕೆಲ್ಸ ಮಾಡ್ಬಿಟ್ಟೆ ಕಣಪ್ಪಾ. 'ಅಪ್ಪಾ, ಅವರನ್ನೇ ಒಂದ್ಸಲ ಕೇಳೋಣ' ಅಂತ ಇವಳು ಗೋಳಾಡಿದ್ಲು. ನಾನು ಗದರಿಸಿ ಬಾಯಿ ಮುಚ್ಚಿಸ್ದೆ. ಆಮೇಲೆ ಬಂದ ಗಂಡುಗಳನ್ನೆಲ್ಲ ಒಲ್ಲೆ ಅಂದ್ಲು. ಈಗ್ಲೂ ನನಗೇ ಗಂಜಿ ಕಾಯಿಸ್ತಾವಳೆ."

ಪಂಚಾಕ್ಷರಪ್ಪ ಬಾಗಿಲಲ್ಲಿ ನಿಂತವಳ ಕಡೆ ತಿರುಗಿದ. ನೂರಾರು ಪೊಲೀಸರಿಗೆ ಆಜ್ಞೆ ಮಾಡಿದ ದನಿ ಈಗ ತಡವರಿಸಿತು.

"ನೀವು ನನ್ನನ್ನ ನಂಬಿದ್ದಿರಿ. ಅದು ನನಗೆ ತಿಳಿಯಲೇ ಇಲ್ಲ... ನನ್ನದು ವರ್ಗವಾಗಿ ಊರೂರು ಸುತ್ತೋ ಬದುಕು, ಮಲ್ಲಿಕಾಂಬ. ತಲೇಲಿ ನರೆಯೂ ಬಂತು. ಆದರೂ ನಿಮ್ಮನ್ನೇ ಕೇಳ್ತಿದ್ದೀನಿ. ನನ್ನ ಜೊತೆ ಬರ್ತೀರಾ?"

"ಅಪ್ಪನ್ನ ಬಿಟ್ಟು ಬರೋದಿಲ್ಲ."

"ಅವರನ್ನೂ ಸೇರಿಸೇ ಕೇಳಿದ್ದು."

ಅವಳು ಅಪ್ಪನ ಪಕ್ಕಕ್ಕೆ ಬಂದು ನಿಂತಳು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳಲಿಲ್ಲ.

"ತರೀಕೆರೆ ಪ್ರವಾಸಿ ಮಂದಿರದಲ್ಲಿ ಈ ರಾತ್ರಿ ಇದ್ದು, ನಾಳೆ ಕಡೂರಿನ ಮನೆಗೆ ಹೋಗ್ತೀನಿ." ಅವನ ದನಿ ಕುಗ್ಗಿತು. "ಅಮ್ಮನಿಗೆ ಏನು ಹೇಳಲಿ?"

"ನೀವೇನೂ ಹೇಳಬೇಡಿ. ಅತ್ತೆಗೆ ನಾನೇ ಬಂದು ಹೇಳ್ತೀನಿ."

"ಅತ್ತೆ...!" ಅವನು ಉಸಿರು ಬಿಟ್ಟ. "ಅಮ್ಮ ಸುಮ್ಮನೆ ಬಿಡೋಳಲ್ಲ ಮಲ್ಲಿ. ಚೆನ್ನಾಗಿ ಬಯ್ತಾಳೆ."

"ಬಯ್ಯಲಿ. ನೀವು ಪಕ್ಕದಲ್ಲಿ ನಿಂತಿರಿ, ಸಾಕು."