ಒಂದು ಬಾವಿ, ಎದುರುಬದುರು ಗೋಡೆ

ಯಮನಮ್ಮನಿಗೆ ಸಿಟ್ಟು ಬಂದರೆ ನಡಿಗೆ ನಿಧಾನವಾಗುತ್ತಿತ್ತು. ಅಂದು ರಾಯಚೂರಿನ ಕಾಲೇಜೊಂದರ ಸಭಾಂಗಣದೊಳಗೆ ಅವಳು ಎಷ್ಟು ನಿಧಾನವಾಗಿ ಬಂದಳೆಂದರೆ, ತನ್ನ ಚಿತ್ರದ ಮುಂದೆ ನಿಂತಿದ್ದ ಈರಯ್ಯ ಅದನ್ನು ನಾಚಿಕೆ ಎಂದುಕೊಂಡು ನಕ್ಕುಬಿಟ್ಟ.

ಆ ನಗು ಅವಳ ಮೈಗೆ ಬೆಂಕಿ ಹಚ್ಚಿತು.

1983ರ ಮಾರ್ಚ್. ಸಭಾಂಗಣದಲ್ಲಿ ಸಂಶೋಧಕರ ಪ್ರದರ್ಶನ. ಒಬ್ಬರು ಕೌದಿಯ ಹೊಲಿಗೆಗಳ ಮೇಲೆ ಪಿಎಚ್‌ಡಿ ಮಾಡಿದ್ದರೆ, ಇನ್ನೊಬ್ಬರು ಬೀಸುವ ಕಲ್ಲಿನ ಹಾಡುಗಳ ಮೇಲೆ. ನೊಗವನ್ನು ಹೇಗೆ ತಿದ್ದಿದರೆ ಎತ್ತಿನ ಹೆಗಲು ಹುಣ್ಣಾಗುವುದಿಲ್ಲ ಎಂದು ಮತ್ತೊಬ್ಬರು ಮರದ ಮಾದರಿ ಮಾಡಿ ಇಟ್ಟಿದ್ದರು. ಎಡಗೋಡೆ ವೈದ್ಯರಿಗೆ, ಬಲಗೋಡೆ ಕಲೆಯವರಿಗೆ. ಎಡಗಡೆ ಡಾಕ್ಟರ್ ಯಮನಮ್ಮನ ಚಾರ್ಟು: ನಾರುಹುಣ್ಣು. ಮೆಟ್ಟಿಲುಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋದ ಹುಳ, ವರ್ಷ ಕಳೆದು ಕಾಲು ಸೀಳಿಕೊಂಡು ದಾರದ ಹಾಗೆ ಹೊರಬರುವ ಫೋಟೋಗಳು. ಆ ಕಾಲು ಮತ್ತೆ ಬಾವಿಗಿಳಿದರೆ ನೀರಿಗೆ ಮತ್ತೆ ಹುಳದ ಮರಿ. ಬಲಗಡೆ ಈರಯ್ಯನ ಚಿತ್ರ: ಅದೇ ಬಾವಿ. ಮೆಟ್ಟಿಲು ಮೆಟ್ಟಿಲಾಗಿ ಅಳೆದು, ಕಪ್ಪು ಶಾಯಿಯಲ್ಲಿ, ನೀರಿನೊಳಗೆ ಕಮಾನಿನ ನೆರಳು ಬಿದ್ದ ಹಾಗೆ.

ಒಂದು ವರ್ಷ ಇಬ್ಬರೂ ಬಾವಿಯಿದ್ದ ಆ ಊರಿಗೆ ದೇವದುರ್ಗದಿಂದ ಒಂದೇ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಅವಳು ಕಾಲು ನೋಡಲು, ಅವನು ಕಲ್ಲು ನೋಡಲು. ಕಲ್ಲು ನೋಡುವುದು ಬಿಟ್ಟು ಅವನು ಎಷ್ಟೋ ಸಲ ಅವಳ ಕತ್ತಿನ ಬೆವರಿಗೆ ಅಂಟಿದ ಕೂದಲನ್ನೇ ನೋಡುತ್ತಿದ್ದ. ಅವಳಿಗದು ಗೊತ್ತಿತ್ತು. ಗೊತ್ತಿದ್ದೂ ಸೆರಗು ಸರಿಮಾಡಿಕೊಳ್ಳುವುದನ್ನು ತಡಮಾಡುತ್ತಿದ್ದಳು.

"ಬರ್ರಿ ಡಾಕ್ಟ್ರೇ," ಎಂದ ಈರಯ್ಯ. "ನಿಮ್ಮ ಹುಳ ನೋಡಿ ಅಂಜಿ ಮಂದಿ ಎಲ್ಲ ನನ್ನ ಗ್ವಾಡಿಗೆ ಓಡಿ ಬರಾಕತ್ತಾರ."

ಅವಳು ಚಿತ್ರದ ಮೇಲ್ತುದಿಗೆ ಬೆರಳಿಟ್ಟಳು. "ಇಲ್ಲೇನು ಬರದೀರಿ?"

"ವಿಶ್ರಾಂತಿ ಕಲ್ಲು. ಕೊಡ ಹೊತ್ತು ಮ್ಯಾಲ ಬಂದೋರು ದಣಿವಾರಿಸಿಕೊಳ್ಳಾಕ..."

"ಯಾರು ಹೇಳಿದ್ರು?"

"ಗೌಡ್ರು."

"ಅದು ನಮ್ಮವ್ವನ ತವರೂರು. ಆಕಿನ್ನ ಯಾಕ ಕೇಳಲಿಲ್ಲ?"

ಈರಯ್ಯ ತಾನು ಬರೆದ ಅಕ್ಷರಗಳತ್ತ ಬಗ್ಗಿದ.

"ನಮ್ಮ ಮಂದಿ ಆ ಬಾವಿ ಇಳಿಯೋ ಹಂಗಿಲ್ಲ. ಖಾಲಿ ಕೊಡ ಇಟಗೊಂಡು ಆ ಕಲ್ಲಿನ ಮ್ಯಾಲ ನಿಲ್ಲಬೇಕು. ಯಾರರೆ ಮ್ಯಾಲ ಬಂದು, ಮನಸ್ಸು ಬಂದ್ರ, ಎತ್ತರದಿಂದ ಸುರುವಿ ಹೋಗ್ತಾರ. ನಮ್ಮವ್ವ ಒಂದೊಂದು ದಿನ ನೆತ್ತಿ ಸುಡೋತನಕ ನಿಂತಾಳ. ಹುಳದ ನೀರಿಗೇ ನಿಂತಾಳ! ಅದಕ್ಕ ನೀ ವಿಶ್ರಾಂತಿ ಅಂತ ಹೆಸರಿಟ್ಟಿ!"

ಕೌದಿಗಳ ಮುಂದಿದ್ದ ಇಬ್ಬರು ಪ್ರೊಫೆಸರರು ತಿರುಗಿ ನೋಡಿದರು. ಅವಳು ದನಿ ತಗ್ಗಿಸಲಿಲ್ಲ.

"ಇನ್ನೊಂದು ಕೇಳು. ಮೆಟ್ಟಿಲು ಮುಚ್ಚಿ, ಸುತ್ತ ಗೋಡೆ ಕಟ್ಟಿ, ನೀರು ಸೇದಾಕ ಹಗ್ಗ-ಗಡಗಡಿ ಹಾಕ್ರಿ ಅಂತ ನಾ ಎಂಜಿನಿಯರ್‌ಗೆ ಬರದಿದ್ದೆ. ನೀರಿಗೆ ಯಾರ ಕಾಲೂ ತಾಗಬಾರದು ಅಂತ. ಗೌಡ ಏನು ಮಾಡ್ಯಾನ ಗೊತ್ತದ? ನಿನ್ನ ಚಿತ್ರ ತೋರಿಸಿ, ಇಂಥಾ ಚಂದದ ಬಾವಿ ಕೆಡಿಸಬ್ಯಾಡ್ರಿ ಅಂದಾನ. ಕೆಲಸ ನಿಂತದ."

ಆಗ ಅವಳಿಗೆ ತಾನು ಏಕವಚನಕ್ಕೆ ಇಳಿದದ್ದು ಹೊಳೆಯಿತು. ಅವನ ಕಣ್ಣಲ್ಲೂ ಅದು ಹೊಳೆದದ್ದು ಕಂಡಿತು. ಇಂಥ ಹೊತ್ತಿನಲ್ಲಿ ಅದಕ್ಕೆ ಹಿಗ್ಗುವ ಗಂಡಸಿನ ಮೇಲೆ ಅವಳ ಸಿಟ್ಟು ಇಮ್ಮಡಿಯಾಯಿತು. ಹೊರಗೆ ನಡೆದಳು. ಈ ಸಲ ಬಿರುಸಾಗಿ.

*

ವಾರ ಕಳೆದು ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವನು ಕಾಯುತ್ತಿದ್ದ. ಗಡ್ಡ ಬಂದಿತ್ತು, ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆ.

"ಹೊಸದು ಬರದೀನಿ. ನೋಡ್ರಿ."

ಅವಳು ಚಹಾದಂಗಡಿಯ ಬೆಂಚಿನ ಮೇಲೆ ಹಾಳೆ ಬಿಡಿಸಿದಳು. ಅವನು ಇಷ್ಟಪಟ್ಟು ಅಳೆದಿದ್ದ ಮೆಟ್ಟಿಲುಗಳ ಮುಂದೆ ಅವನ ಕೈಯಿಂದಲೇ ಗೋಡೆ ಎದ್ದಿತ್ತು. ಎಲ್ಲಿ ಪಾಯ ಹಾಕಬೇಕು, ಎಷ್ಟು ಎತ್ತರ, ಎಲ್ಲವೂ ಇತ್ತು. ಒಂದು ಕ್ಷಣ ಅವಳ ಎದೆ ತಣ್ಣಗಾಯಿತು. ಆಮೇಲೆ ಕಂಡಿತು: ಬಾವಿಯ ಆ ಬದಿಗೊಂದು, ಈ ಬದಿಗೊಂದು, ಎರಡು ಗಡಗಡಿ.

"ಎರಡು ಯಾಕ?"

"ಹಂಗಾದ್ರ ಗೌಡ ಒಪ್ಪತಾನಂತ. ಅವರಿಗೆ ಒಂದು, ನಿಮ್..." ಅವನು ತಡವರಿಸಿದ. "ಉಳಿದೋರಿಗೆ ಒಂದು."

ಅವಳ ಕೈ ಹಾಳೆಯನ್ನು ಹರಿಯಲು ಹೋಯಿತು, ಹರಿಯಲಾಗಲಿಲ್ಲ. ಈ ಬೇಸಿಗೆಯಲ್ಲೇ ಗೋಡೆ ಎದ್ದರೆ ಮುಂದಿನ ವರ್ಷ ಎಷ್ಟೋ ಕಾಲುಗಳು ಉಳಿಯುತ್ತವೆ. ತನ್ನವರ ಕೇರಿಯ ಕಾಲುಗಳು ಕೂಡ.

"ಡಾಕ್ಟ್ರಾಗಿ ನಾ ಇದಕ್ಕ ಹೂಂ ಅನಬೇಕು," ಎಂದಳು. "ನನ್ನ ಬಾಯಿಲೇ ಹೂಂ ಅನಸಾಕತ್ತೀಯಲ್ಲ, ಅದಕ್ಕ ನಿನ್ನ ಮ್ಯಾಲ ಸಿಟ್ಟು. ನಿನಗ ಬಾವಿ ಅಳಿಯಾಕ ಬರ್ತದ. ಬಾವಿ ಸುತ್ತ ನಿಂತ ಮಂದಿನ್ನ ನೋಡಾಕ ಬರಲ್ಲ."

"ಕಲಸ್ರಿ."

"ನನಗೇನು ಅದೇ ಕೆಲಸ ಅದನು?"

ಚಹಾ ಆರಿಹೋಯಿತು. ಇಬ್ಬರೂ ಕುಡಿಯಲಿಲ್ಲ.

*

ಮರುದಿನ ಗೌಡರ ಮನೆಯಂಗಳದಲ್ಲಿ ಎಂಜಿನಿಯರು ಹಾಳೆ ಹರಡಿ ಕೂತಿದ್ದ. ಗೌಡರು ಹಿಗ್ಗಿನಿಂದ ಅಡಿಕೆ ಮುರಿಯುತ್ತಿದ್ದರು. ಯಮನಮ್ಮ ಪಡಸಾಲೆಯ ಅಂಚಿನಲ್ಲಿ ಕೂತು ದಿನದ ಕೆಲಸ ಮಾಡುತ್ತಿದ್ದಳು. ಗೌಡರ ತಾಯಿ ಬಸವಂತಮ್ಮನ ಪಾದ ಅವಳ ತೊಡೆಯ ಮೇಲಿತ್ತು. ಹುಣ್ಣಿನಿಂದ ಹೊರಬಂದ ಹುಳವನ್ನು ಸಣ್ಣ ಕಡ್ಡಿಗೆ ಸುತ್ತುತ್ತಿದ್ದಳು. ದಿನಕ್ಕೆ ಬೆರಳಗಲವಷ್ಟೇ. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಕೀವಾಗುತ್ತದೆ. ಸಿಟ್ಟಿನಲ್ಲಿ ಮಾಡುವ ಕೆಲಸವಲ್ಲ. ಅಂದು ಅವಳು ಸಿಟ್ಟಿನಲ್ಲೇ ಮಾಡುತ್ತಿದ್ದಳು, ಬೆರಳು ಮಾತ್ರ ನಡುಗುತ್ತಿರಲಿಲ್ಲ.

"ಹಂಗಾದ್ರ ಎರಡು ಗಡಗಡಿ," ಎಂದ ಎಂಜಿನಿಯರು. "ಡಾಕ್ಟ್ರು ಏನಂತೀರಿ?"

ಅವಳು ತಲೆ ಎತ್ತುವ ಮೊದಲೇ ಈರಯ್ಯ ಎದ್ದು ನಿಂತ. "ಅವರನ್ನ ಕೇಳಬ್ಯಾಡ್ರಿ. ಆ ಚಿತ್ರ ತಪ್ಪದ. ಎರಡನೇದು ನಾ ಅಂಜಿ ಬರದದ್ದು."

"ಸ್ವಾಮಿ, ನೀವು ಮಠದ ಮನಿತನದೋರು," ಎಂದರು ಗೌಡರು. "ಒಂದೇ ಹಗ್ಗ ಎಲ್ಲಾರೂ ಮುಟ್ಟೋದು ಅಂದ್ರ ಹೆಂಗ?"

"ಸ್ವಾಮಿ ಅಂತ ಕರೆದು ಸುಳ್ಳು ಹೇಳಿದ್ರಿ, ಆ ಕಲ್ಲಿನ ವಿಷಯದಾಗ. ಇನ್ನ ಕರೀಬ್ಯಾಡ್ರಿ."

ಯಮನಮ್ಮ ಕಡ್ಡಿಯನ್ನು ಪಟ್ಟಿಯಿಂದ ಕಾಲಿಗೆ ಕಟ್ಟಿ ಗಂಟು ಹಾಕಿದಳು.

"ನಾ ಹೇಳ್ತೀನಿ," ಎಂದಳು. "ನನಗ ಒಂದೇ ಬೇಕು. ಎರಡಾದ್ರೂ ಗೋಡೆ ಕಟ್ರಿ, ಬ್ಯಾಡನ್ನಲ್ಲ. ಆದ್ರ ಎರಡು ಕಟ್ಟಿದ ದಿನದಿಂದ ಈ ಮನಿ ಪಡಸಾಲಿ ನಾ ಹತ್ತಲ್ಲ. ಬಸವಂತಮ್ಮಾರು ಕೇರಿಗೆ ಬರ್ಲಿ. ನಮ್ಮ ಸೋದರಮಾವನ ಅಂಗಳದಾಗ, ಎಲ್ಲಾರ ಜೋಡಿ ಪಾಳಿ ಹಚ್ಚಲಿ. ಕಾಲು ಅಲ್ಲೇ ನೋಡ್ತೀನಿ."

ಗೌಡರ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಗದರಿದಳು.

"ಸುಮ್ಮಕಿರಲೇ! ತಿಂಗಳಾತು ನನ್ನ ಕಾಲು ಈ ಹುಡುಗಿ ತೊಡಿ ಮ್ಯಾಲದ. ಆವಾಗ ನಿನ್ನ ಮಡಿ ಎಲ್ಲಿ ಹೋಗಿತ್ತು? ಹಗ್ಗಕ್ಕೇನು ನನಗಿಂತ ದೊಡ್ಡ ಕುಲ ಅದನು? ಒಂದು ಹಾಕ್ರಿ. ಲಗೂನ ಹಾಕ್ರಿ."

ಎಂಜಿನಿಯರು ಕೆಮ್ಮಿ, ಪೆನ್ನು ತೆಗೆದು, ಎರಡನೇ ಗಡಗಡಿಯ ಮೇಲೆ ಗೀಟು ಎಳೆದ.

*

ದೇವದುರ್ಗದಿಂದ ಮಾನ್ವಿ ಬಸ್ಸು ಅದೇ ಸಂಜೆಯ ಬಿಸಿಲಿನಲ್ಲಿ ಕುಲುಕುತ್ತ ಹೊರಟಿತು. ಈರಯ್ಯ ಅವಳ ಪಕ್ಕ ಕೂತ.

"ಎರಡು ಸಿರವಾರ," ಎಂದ ಕಂಡಕ್ಟರಿಗೆ.

"ನಂದು ಮಾನ್ವಿ," ಎಂದಳು ಅವಳು. "ಸಿರವಾರ ನಿಮ್ಮೂರು. ಯಾರನ್ನ ಕೇಳಿ ತಗೊಂಡ್ರಿ?"

"ಈಗ ಕೇಳಾಕತ್ತೀನಿ. ನನಗ ಒಂದು ವರ್ಷದಿಂದ ನಿಮ್ಮ ಮ್ಯಾಲ ಮನಸ್ಸದ. ನೀವು ಬೈದ ಮ್ಯಾಲ ಜಾಸ್ತಿ ಆಗ್ಯದ. ಮದಿವಿ ಆಗೋಣು."

ಮುಂದಿನ ಸೀಟಿನ ಹೆಂಗಸು ತಿರುಗಿಯೇ ಕೂತಳು. ಯಮನಮ್ಮ ಅವಳನ್ನೂ ಅವನನ್ನೂ ಒಂದೇ ಸಿಟ್ಟಿನಿಂದ ನೋಡಿದಳು.

"ನಿಮ್ಮ ಮನಿಯಾಗ ಕುಡಿಯೋ ನೀರಿನ ಕೊಡ ಎಲ್ಲದ?"

"ಅಡಗಿಮನ್ಯಾಗ. ದೇವರ ಜಗಲಿ ಬಾಜೂಕ."

"ನಾ ಕೈಹಾಕಿ ತುಂಬಿಕೊಂಡ್ರ?"

ಅವನು ಕಿಟಕಿಯಾಚೆ ನೋಡಿದ. ಗದ್ದೆಗಳು ಹಿಂದೆ ಸರಿದವು. ಈಗ ಸುಳ್ಳು ಹೇಳಿದರೆ ಇಲ್ಲೇ ಇಳಿದುಬಿಡುವುದೆಂದು ಅವಳು ನಿರ್ಧರಿಸಿದಳು. ಅವನು ಸುಳ್ಳು ಹೇಳದಿರಲಿ ಎಂದು ಎಷ್ಟು ಹಂಬಲಿಸಿದಳೆಂದರೆ, ಸೀಟಿನ ಕಂಬಿ ಹಿಡಿದ ಬೆರಳುಗಳು ಬೆಳ್ಳಗಾದವು.

"ಅವ್ವ ಅತ್ತು ರಂಪ ಮಾಡ್ತಾಳ," ಎಂದ ಕೊನೆಗೆ. "ಅಪ್ಪ ಉಣ್ಣಾದು ಬಿಡ್ತಾನ. ನಾ ಬಾಜೂಕ ನಿಂತಿರ್ತೀನಿ. ಹೊರಗ ನಡಿ ಅಂದ್ರ ಇಬ್ಬರೂ ನಡಿಯೋಣು."

"ಎಲ್ಲಿಗೆ?"

"ಮಾನ್ವಿಗೆ. ನಿಮ್ಮವ್ವ ಒಂದು ರೊಟ್ಟಿ ಹಾಕಲ್ಲೇನು?"

"ಮೊದಲು ಬೈತಾಳ."

"ಮಗಳ ಕಡಿಂದ ರೂಢಿ ಆಗ್ಯದ."

ಅವಳ ತುಟಿಯಂಚಿಗೆ ನಗು ಬಂತು. ಬಂದದ್ದಕ್ಕೂ ಸಿಟ್ಟು ಮಾಡಿಕೊಂಡಳು. ಕಂಬಿಯ ಮೇಲಿನ ಅವಳ ಬೆರಳುಗಳ ಪಕ್ಕದಲ್ಲಿ ಅವನ ಬೆರಳುಗಳು, ತಾಗಿಯೂ ತಾಗದ ಹಾಗೆ, ಅಷ್ಟು ಹತ್ತಿರ ಬಂದವು. ಅವಳು ಕೈ ತೆಗೆಯಲಿಲ್ಲ.

"ಸಿರವಾರ! ಇಳೀರಿ, ಇಳೀರಿ!"

ಈರಯ್ಯ ಎದ್ದು ನಿಂತ, ಅವಳ ಮುಖ ನೋಡಲು ಧೈರ್ಯವಾಗದೆ. ಅವನನ್ನು ಸರಿಸಿ ಯಮನಮ್ಮ ಮುಂದೆ ಹೋದಳು. ಔಷಧದ ಚೀಲ ಹೆಗಲಿಗೇರಿಸಿ, ಧೂಳಿನಲ್ಲಿ ಇಳಿದು, ತಿರುಗಿ ನಿಂತಳು.

"ಹಂಗ್ಯಾಕ ನಿಂತಿ? ಮನಿ ತೋರಸು ನಡಿ. ನನಗ ನೀರಡಿಕಿ ಆಗ್ಯದ."