ಕಪ್ಪು ದಾರದ ಕಂಡೆನ್ಸರ್

ಹುಚ್ಚಮ್ಮ ಹೇಳಿದ್ದನ್ನು ಕೇಳಿ ಷಡಕ್ಷರಿ ನಕ್ಕುಬಿಟ್ಟ. ನಾಟಕಗಳಿಗೆ ಮೈಕ್ ಸೆಟ್ ಹಾಕುತ್ತಿದ್ದ ಗಂಡ ಪುಟ್ಟಯ್ಯ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಒಂದು ಸ್ಪೀಕರ್ ಪೆಟ್ಟಿಗೆ. ಅದರೊಳಗಿನ ಸಣ್ಣ ಸ್ಪೀಕರ್ ಸುಮ್ಮನಾಗಿ, ಹಾಡೆಲ್ಲ ಗೊಗ್ಗರು ದನಿಯಾಗಿತ್ತು.

“ಒಳಗಿಂದ ಏನ್ ತೆಗುದ್ರೂ ನನ್ ಕೈಗೇ ಕೊಡಪ್ಪ. ನಮ್ಮೋರು ಮಾಟದ ಕಟ್ಟು ಹಾಕ್ಸವ್ರೆ. ಕದ್ದೋರು ನಾಕ್ ಜನದ ಮುಂದೆ ಕದ್ದೆ ಅಂತ ಒಪ್ಕಂಡು ತಂದ್ಕೊಡೋಗಂಟ ಅದು ಬಿಡಾಕಿಲ್ಲ.”

ಬೆಂಗಳೂರಿನಲ್ಲಿ ರಿಪೇರಿ ಕಲಿತು, 1979ರಲ್ಲಿ ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ತೆರೆದವನು ಷಡಕ್ಷರಿ. ಕರೆಂಟಿಗೆ ಮಾಟ ತಗಲುವುದಿಲ್ಲಮ್ಮ ಎಂದು ಆಕೆಯನ್ನು ಸಾಗಹಾಕಿದ.

ಪೆಟ್ಟಿಗೆ ಬಿಚ್ಚಿದೊಡನೆ ಸುಟ್ಟ ಲೋಬಾನದ ಘಾಟು ಮೂಗಿಗೆ ಬಡಿಯಿತು. ಸಣ್ಣ ದನಿ, ದಪ್ಪ ದನಿಗಳನ್ನು ಬೇರೆ ಮಾಡಿ ಹಂಚುವ ಕ್ರಾಸ್‌ಓವರ್ ಹಲಗೆಯ ಮೇಲೆ ಸಣ್ಣ ಸ್ಪೀಕರಿಗೆ ಸಣ್ಣ ದನಿಯನ್ನಷ್ಟೇ ಬಿಡುವ, ಹೆಬ್ಬೆರಳು ಗಾತ್ರದ ಕಂಡೆನ್ಸರ್. ಮೈತುಂಬ ಕಪ್ಪು ದಾರ. ದಾರ ಕತ್ತರಿಸಿ ಅಳೆದ. ಅದರ ಶಕ್ತಿ ಸರಿಯಾಗಿ ನಾಲ್ಕು ಮೈಕ್ರೋಫ್ಯಾರಡ್. ಹದಿನೈದು ವರ್ಷದ ಮಾಲು, ಕೂದಲೆಳೆಯಷ್ಟೂ ಇಳಿದಿಲ್ಲ. ಬಿಟ್ಟಿದ್ದದ್ದು ಬೆಸುಗೆ ಮಾತ್ರ. ಆದರೆ ಇಂಥ ಕಂಡೆನ್ಸರ್ ಈಗ ದುಡ್ಡು ಸುರಿದರೂ ಸಿಗದು. ಅದನ್ನು ಕಿತ್ತುಕೊಂಡು ಅಗ್ಗದ್ದೊಂದನ್ನು ಹಾಕಿದ. ಹಳೆಯದು ಇದೇ ಎಂದು ಗುಜರಿ ಡಬ್ಬಿಯ ಕೆಟ್ಟ ಕಂಡೆನ್ಸರನ್ನು ಮುದುಕಿಯ ಕೈಗಿಟ್ಟ. ಆಕೆ ಅದನ್ನು ಕಣ್ಣಿಗೊತ್ತಿಕೊಂಡಾಗ ಷಡಕ್ಷರಿಗೆ ತಲೆ ಎತ್ತಲಾಗಲಿಲ್ಲ.

ಕದ್ದದ್ದು ಅವನ ಮನೆಯ ಸ್ಪೀಕರಿಗೆ ಸೇರಿತು. ಐದು ವರ್ಷದ ಮಗಳು ವಿಮಲ ಅದರ ಮುಂದೆ ಕೂತು ಜೊತೆಜೊತೆಗೆ ಹಾಡಿದಳು. ಮೂರನೆಯ ದಿನ ಅವನಿಗೆ ಜೀರುಂಡೆ ಕೇಳಿಸಲಿಲ್ಲ. ಆಮೇಲೆ ಸೈಕಲ್ ಬೆಲ್ಲು. ಹೆಂಡತಿಯ ಬಳೆ. ಅನುಮಾನ ಬಂದು ಕಂಡೆನ್ಸರ್ ಬಿಚ್ಚಿ ಅಳೆದ. ಮೂರು. ಮಾರನೆಯ ದಿನ ಎರಡು. ರೈಲಿನ ಸೀಟಿಯೂ ಹೋಯಿತು. ಆಚೆ ದಿನ ಒಂದು. ಮಗಳು ಎದುರಿಗೇ ಹಾಡುತ್ತಿದ್ದಳು. ದನಿ ಗೋಡೆಯಾಚೆಯಿಂದ ಬಂದಂತಿತ್ತು. ನಾಳೆ ಅದೂ ಇರುವುದಿಲ್ಲ. ಕಂಡೆನ್ಸರ್ ಕಿತ್ತುಕೊಂಡ. ಓಡಿದ. ಚಪ್ಪಲಿಯನ್ನೂ ಮೆಟ್ಟಲಿಲ್ಲ.

ಹುಚ್ಚಮ್ಮನ ಜಗುಲಿಯ ಮೇಲೆ ನಾಲ್ಕೈದು ಜನ ಕೂತಿದ್ದರು. ನಂಬಿಕಸ್ಥನೆಂದು ಇವನಿಗೆ ಅಂಗಡಿ ಮಳಿಗೆ ಬಿಟ್ಟುಕೊಟ್ಟ ಷಣ್ಮುಖಪ್ಪನೂ ಇದ್ದ. ಕದ್ದೆ ಎಂಬ ಒಂದೇ ಮಾತು ಹೇಳಬೇಕಿತ್ತು. ಷಣ್ಮುಖಪ್ಪನತ್ತ ನೋಡದೆ ಕಂಡೆನ್ಸರನ್ನು ಹುಚ್ಚಮ್ಮನ ಕೈಗಿಟ್ಟ.

“ನಿಮ್ದು ನನ್ ಬೆಂಚಲ್ಲೇ ಉಳ್ಕಂಡಿತ್ತಮ್ಮ. ಅದಲು ಬದಲಾಗಿತ್ತು.”

ಹುಚ್ಚಮ್ಮ ಅವನ ಮುಖವನ್ನೇ ನೋಡಿದಳು. “ಅಷ್ಟೇನಾ?”

“ಅಷ್ಟೇ.”

ವಾಪಸು ಬರುವಾಗ ಸೈಕಲ್ ಬೆಲ್ ಕೇಳಿಸಿತು. ರೈಲಿನ ಸೀಟಿ ಕೇಳಿಸಿತು. ಬದುಕಿದೆಯಾ ಬಡಜೀವವೇ ಎಂದುಕೊಂಡು ಬಾಗಿಲು ತಳ್ಳಿದ. ಒಳಗೆ ಹೆಂಡತಿಯ ಬಳೆ ಸದ್ದು. ವಿಮಲ ಓಡಿಬಂದು ಕಾಲು ತಬ್ಬಿದಳು. ಬಾಯಿ ತೆರೆದಳು. ತುಟಿ ಆಡಿತು. ಅಪ್ಪಾ. ಮತ್ತೆ ಆಡಿತು. ಅಪ್ಪಾ. ಅವನ ಕಿವಿಗೆ ಏನೂ ಬೀಳಲಿಲ್ಲ.

ಇದಾಗಿ ನಾಲ್ಕು ವರ್ಷ. ಎಷ್ಟು ಕೂಗಿದರೂ ಓಗೊಡದ ಅಪ್ಪನನ್ನು ವಿಮಲ ಕರೆಯುವುದನ್ನೇ ಬಿಟ್ಟಿದ್ದಾಳೆ. ಬೇಕಾದಾಗ ಅಂಗಿ ಎಳೆಯುತ್ತಾಳೆ. ಹುಚ್ಚಮ್ಮನ ಮನೆ ಇರುವುದು ಎರಡು ಬೀದಿ ಆಚೆ. ಷಡಕ್ಷರಿ ಎಷ್ಟೋ ಸಂಜೆ ಆ ತಿರುವಿನವರೆಗೆ ಹೋಗಿ, ಜಗುಲಿಯ ಮೇಲೆ ಜನರನ್ನು ಕಂಡು, ಹಿಂದಿರುಗಿದ್ದಾನೆ.