ಕೆಟ್ಟವೆಂದು ಹೇಳಿದ ಮೊಟ್ಟೆಗಳು

ಮೀನುಗಾರ ಹುಲುಗಪ್ಪನವರ ಜೊತೆ ನಾನು ಮನಸ್ಸು ಬಿಚ್ಚಿ ಆಡಿದ ಮೊದಲ ಮಾತೇ ಬೈಗುಳ.

"ಮೊಟ್ಟೆಗೆ ನೀರು ಮುಟ್ಟಿಸಬ್ಯಾಡ್ರಿ, ಮೀನಿನ ಹೊಟ್ಟೆಯಿಂದ ನೇರ ಬಾಟ್ಲಿಗೆ ಹಾಕ್ರಿ ಅಂತ ಎಷ್ಟು ಸಲ ಹೇಳಿದ್ದೆ! ತೊಳೆದು ಕಳಿಸೀರಲ್ಲ!"

2006ರ ಆಷಾಢ, ಕಂಪ್ಲಿಯ ಹೊಳೆದಂಡೆ. ಅವರು ಹರಿಗೋಲಿನ ಪಕ್ಕ ನಿಂತು ಟವೆಲಿನಿಂದ ಕೈ ಒರೆಸಿಕೊಂಡರು. ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ಬಲೆ ಬಿಡಿಸುತ್ತಿದ್ದ ಅವರ ಅಕ್ಕ ವಿರುಪಮ್ಮ ತಡೆಯಲಾರದೆ ಬಾಯಿ ಹಾಕಿದಳು.

"ಬೈಯ್ರಿ ಮೇಡಮ್ಮಾರ, ಚೆಂದಾಗಿ ಬೈಯ್ರಿ! ಲಿಂಗ ಕಟ್ಟಿದ ಮನಿ ಹೆಣ್ಮಗಳು, ಮೀನಿನ ವಾಸನಿ ಕೈಗೆ ಹತ್ತಬಾರದು ಅಂತ ಮೂರು ನೀರಾಗ ತೊಳದಾನ. ನಮ್ಮನಿ ಅಕ್ಕಿನೂ ಒಂದಿನ ಹಿಂಗ ತೊಳದಿಲ್ಲ!"

"ಏ, ಸುಮ್ಕಿರಬೇ ಅಕ್ಕಾ." ಅವರು ಹೊಳೆಯ ಕಡೆ ತಿರುಗಿಬಿಟ್ಟರು. ಕಿವಿಯ ತುದಿ ಕೆಂಪಾಗಿದ್ದು ನನಗೆ ಕಂಡಿತು.

ನನಗಾಗ ನಲವತ್ತಾರು. ಹೊಸಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ಅಣ್ಣನ ರೈಸ್ ಮಿಲ್ಲಿನ ಹಿಂದಿನ ಮನೆಯಲ್ಲಿ ಒಬ್ಬಳಿಗಾಗುವಷ್ಟು ಅಕ್ಕಿ ಅಳೆದು ಅನ್ನಕ್ಕಿಡುತ್ತಿದ್ದೆ. ನನ್ನ ಕೈಗೆ ಏನು ಹತ್ತಬಾರದು ಎಂದು ಯೋಚಿಸಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಸಿಟ್ಟು ಇಳಿದ ಮೇಲೆ ನೋಟ್‌ಬುಕ್ ತೆರೆದು ಅವರಿಗೆ ಗೆಂಡೆ ಮೀನಿನ ಮೊಟ್ಟೆಯ ಚಿತ್ರ ಬರೆದು ತೋರಿಸಿದೆ. ಸುತ್ತಲಿನ ಹೊದಿಕೆ ಪದರ ಪದರವಾಗಿದೆ, ಅದರಲ್ಲಿ ಕೂದಲಿಗಿಂತ ಸಣ್ಣ ಗೆರೆಗಳಿವೆ. ಒಂದೇ ಒಂದು ಕಡೆ ಆಲಿಕೆಯಂತೆ ತಗ್ಗಾದ ತೂತು. ಗಂಡಿನ ಜೀವಕಣ ಒಳಗೆ ಹೋಗಬೇಕಾದರೆ ಅದೊಂದೇ ದಾರಿ. ನೀರು ತಾಕಿದ ಸ್ವಲ್ಪ ಹೊತ್ತಿಗೆ ಮೊಟ್ಟೆ ಉಬ್ಬಿ, ಹೊದಿಕೆ ಬಿಗಿದು, ತೂತು ಮುಚ್ಚಿಹೋಗುತ್ತದೆ. ನನಗೆ ಬೇಕಾಗಿದ್ದು ತೆರೆದ ತೂತು.

"ಇಷ್ಟು ಸಣ್ಣದ್ಕ ಒಂದಾ ಬಾಗಿಲೇನ್ರಿ?"

"ಒಂದೇ."

"ಅದೂ ಜಲ್ದಿ ಮುಚ್ಚತೈತಿ." ತಲೆಯಾಡಿಸಿದರು. "ಆತ್ರಿ. ಸಂಡೂರಿನಾಚೆ ದೋಣಿಮಲೈ ಗಣಿ ಕ್ಯಾಂಪಿನ್ಯಾಗ ಪಂಪು ನೋಡ್ಕೊಳ್ಳೋ ಕೆಲಸ ಐತಿ, ಬಾ ಅಂತ ಕರ್ಯಾಕತ್ತಾರ. ಹೊಳ್ಯಾಗ ಮೀನು ಎಲ್ಲಿ ಅದಾವ? ನಿಮ್ಮ ತತ್ತಿ ಸರಿ ಬರಲಿ, ಆಮ್ಯಾಲ ಹೋಗ್ತೀನಿ."

ಮರು ಭಾನುವಾರ ನಾನೇ ಹರಿಗೋಲು ಹತ್ತಿದೆ. ಅವರು ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಮೈ ಒರೆಸಿ, ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ಒತ್ತಿದರು. ನಾನು ಬಾಟ್ಲಿ ಹಿಡಿದೆ. ಹೊಂಬಣ್ಣದ ಮೊಟ್ಟೆಗಳು ಕೆಡದಂತೆ ಇಡುವ ಔಷಧಿಯೊಳಗೆ ಇಳಿದವು. ನಮ್ಮಿಬ್ಬರ ಬೆರಳುಗಳ ನಡುವೆ ಆ ಬಾಟ್ಲಿಯ ಬಾಯಿ ಮಾತ್ರ ಇತ್ತು.

"ಉಸಿರು ಬಿಡ್ರಿ ಮೇಡಂ. ಮೀನಿಗಿಂತ ನೀವಾ ಹೆಚ್ಚು ಹೆದರೀರಿ."

ನಕ್ಕುಬಿಟ್ಟೆ. ಅವರು ನನ್ನ ನಗುವನ್ನು ಒಂದು ಕ್ಷಣ ನೋಡಿ, ಮೀನನ್ನು ಹೊಳೆಗೆ ಬಿಟ್ಟರು.

ಮರುದಿನ ಲ್ಯಾಬಿನಲ್ಲಿ ಅದಿರಿನ ಕೆಂಪು ಧೂಳು ಕೂತ ಮೈಕ್ರೋಸ್ಕೋಪನ್ನು ಒರೆಸಿ ನೋಡಿದೆ. ತೂತು ತೆರೆದೇ ಇತ್ತು. ಎರಡು ವರ್ಷ ಹುಡುಕಿದ್ದು ಕಣ್ಣೆದುರಿಗೆ ಬಂದಾಗ ನನಗೆ ಮೊದಲು ಹೊಳೆದಿದ್ದು ಒಂದೇ: ಇನ್ನು ಭಾನುವಾರ ಕಂಪ್ಲಿಗೆ ಹೋಗಲು ಕಾರಣವಿಲ್ಲ.

ಮುಂದಿನ ಭಾನುವಾರ ಅವರೆದುರು ನಿಂತು ಹೇಳಿದೆ, "ಈ ಸಲವೂ ಕೆಟ್ಟಾವ್ರಿ." ಅದರ ಮುಂದಿನ ವಾರವೂ ಅದನ್ನೇ ಹೇಳಿದೆ.

ಅವರು ತಮ್ಮ ಅಂಗೈ ನೋಡಿಕೊಂಡರು.

ಮರುದಿನ ಸೋಮವಾರ, ತರಗತಿಗಳು ಮುಗಿದಿದ್ದವು. ಅಟೆಂಡರ್ ಅಂಜಿನಯ್ಯ ಲ್ಯಾಬಿನ ಬಾಗಿಲಲ್ಲಿ ಇಣುಕಿದ. "ಮೇಡಂ, ಕಂಪ್ಲಿಯವ್ರು ಯಾರೋ ಬಂದಾರ."

ಹುಲುಗಪ್ಪ ಬಿಳಿ ಅಂಗಿ ಹಾಕಿದ್ದರು. ಚಪ್ಪಲಿ ಹೊರಗೇ ಬಿಟ್ಟಿದ್ದರು. "ನನ್ನ ಕೈಯಾಗ ಏನು ತಪ್ಪೈತಿ ತೋರಸ್ರಿ. ನೋಡೇ ಹೋಗ್ತೀನಿ."

ತೆರೆದ ತೂತಿನ ಸ್ಲೈಡ್ ಮೈಕ್ರೋಸ್ಕೋಪಿನ ಮೇಲೆಯೇ ಇತ್ತು. ಬೇರೆ ಯಾವುದನ್ನಾದರೂ ಇಡಬಹುದಿತ್ತು. ಆದರೆ ತಪ್ಪು ತನ್ನದೆಂದು ನಂಬಿ ಇಷ್ಟು ದೂರ ಬಂದವರ ಎದುರು ನನ್ನ ಕೈ ಏಳಲಿಲ್ಲ. ನಾನು ಪಕ್ಕಕ್ಕೆ ಸರಿದೆ. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಇದು ನಾವಿಬ್ರೂ ಹರಿಗೋಲಿನ್ಯಾಗ ತಗದದ್ದೇನ್ರಿ?"

"ಹೂಂ."

"ಬಾಗಿಲು ತೆಗದೈತಿ."

ಹೊರಗೆ ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಅವುಗಳ ಸದ್ದು ಮುಗಿಯಲಿ ಎಂದು ಇಬ್ಬರೂ ಕಾದೆವು. ಅದು ಮುಗಿಯಲಿಲ್ಲ.

"ತಪ್ಪು ನಿಮ್ಮ ಕೈದಲ್ರಿ," ಎಂದೆ. "ಸರಿ ಬಂದಾವ ಅಂದ್ರ ನೀವು ಹೋಗ್ತಿದ್ರಿ."

ಅವರು ತಲೆ ಎತ್ತಿದರು. "ನಿಲ್ಲು ಅಂತ ಕೇಳಿದ್ರ ನಿಲ್ತಿದ್ದೆನಲ್ರಿ."

"ಕೇಳಾಕ ಧೈರ್ಯ ಇರಲಿಲ್ಲ."

"ಸುಳ್ಳು ಹೇಳಾಕ ಇತ್ತೇನ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನ್ನ ಕಣ್ಣು ತುಂಬಿತು.

"ಈಗ ಕೇಳಿದ್ರ?"

"ಈಗ ಮಾತು ಕೊಟ್ಟೀನ್ರಿ. ಇನ್ನ ತಡ ಮಾಡಿದ್ರ ಬ್ಯಾರೆಯವರಿಗೆ ಕೊಡ್ತೀವಿ ಅಂದ್ರು. ನಾಳಿ ಮುಂಜಾನಿ ಬಸ್ಸಿಗೆ ಹೊಂಟೀನಿ." ಬಾಗಿಲವರೆಗೆ ಹೋಗಿ, ತಿರುಗಿ ನೋಡದೆ ನಿಂತರು. "ಹದಿನೆಂಟು ವರ್ಷ ಆತು ಹೆಂಡ್ತಿ ಹೋಗಿ. ಭಾನುವಾರ ಬರೋದನ್ನ ಕಾದಿದ್ದು ಈ ವರ್ಷ ಮಾತ್ರ."

ಬೆಳಿಗ್ಗೆ ಹೊಸಪೇಟೆಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ವಿದ್ಯಾರ್ಥಿನಿಯರಿದ್ದರು. ಅಣ್ಣನ ಮಿಲ್ಲಿನ ಗುಮಾಸ್ತ ಕೊಟ್ರಯ್ಯನೂ ಇದ್ದ. ಎಲ್ಲರೂ ನೋಡುತ್ತಿರುವಾಗಲೇ ನಾನು ಸಂಡೂರಿನ ಬಸ್ಸು ಹತ್ತಿ ಹುಲುಗಪ್ಪನವರ ಪಕ್ಕ ಕೂತೆ. ಅವರು ಕಿಟಕಿಗೆ ಒತ್ತಿ ಜಾಗ ಬಿಟ್ಟರು, ಆಮೇಲೆ ಮೆಲ್ಲಗೆ ಸಡಿಲಾದರು.

"ಎಲ್ಲಿಗ್ರಿ?" ಕಂಡಕ್ಟರ್ ಕೇಳಿದ.

"ಸಂಡೂರು. ಎರಡು," ಎಂದೆ.

"ಕ್ಲಾಸ್ ಇಲ್ಲೇನ್ರಿ ಇವತ್ತು?" ಹುಲುಗಪ್ಪ ಪಿಸುಗುಟ್ಟಿದರು.

"ಮಧ್ಯಾಹ್ನ ಐತಿ. ಅಲ್ಲೀತನಕ ಬರ್ತೀನಿ."

ಸಂಡೂರಿನಲ್ಲಿ ಕ್ಯಾಂಪಿನ ಬಸ್ಸು ಆಗಲೇ ನಿಂತಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟವರು ಮತ್ತೆ ಇಳಿದು ಬಂದರು.

"ಈ ಭಾನುವಾರ ರಜಾ ಐತಂತ್ರಿ. ಏನೂ ಕೆಲಸ ಇಟ್ಕೊಂಡು ಬರಬ್ಯಾಡ್ರಿ. ಹೊಳಿ ದಂಡಿಗೆ ಸುಮ್ನ ಬರ್ರಿ."

ತಲೆಯಾಡಿಸಿದೆ. ಬಸ್ಸು ಗುಡ್ಡದ ತಿರುವಿನಲ್ಲಿ ಮರೆಯಾಯಿತು. ನನ್ನ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು. ಬೆಂಚಿನ ಮೇಲೆ ಒಬ್ಬಳೇ ಕೂತೆ. ಮಂಗಳವಾರ, ಇನ್ನು ಐದು ದಿನ.